ಪರದೆ ಆಚೆಯ ಫೋಟೋಗಳು

"ಅವ್ವಾ, ಚಾಂದ್ ತಾತ ಎಲ್ಲಾರ ಮನಿ ಸತ್ತೋರ ಫೋಟೋ ಮಾಡಿ ಕೊಡ್ತಾನಲ್ಲ, ಮಕ್ತುಂಬಿ ಆಯಿದು ಯಾಕ ಮಾಡಿಲ್ಲ?"

ಉಮಾಳಿಗೆ ಜಡೆ ಹಾಕುತ್ತಿದ್ದೆ. ತಲೆ ಅಲ್ಲಾಡಿಸದೆ, ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಲೇ ಕೇಳಿದಳು. ಐದು ತುಂಬಿ ಆರಕ್ಕೆ ಬಿದ್ದಿದ್ದಾಳೆ. ಅವಳ ಪ್ರಶ್ನೆಗಳೆಲ್ಲ ಹೀಗೆ ನನ್ನ ಎರಡೂ ಕೈಗೆ ಕೆಲಸವಿದ್ದಾಗಲೇ ಬರುತ್ತವೆ.

"ಅವರ ಮನ್ಯಾಗ ಹಂಗ ಗೋಡಿಗಿ ಫೋಟೋ ಹಾಕಂಗಿಲ್ಲವ್ವ."

"ಗೋಡಿಗಿ ಹಾಕಬ್ಯಾಡ. ಮಾಡಿ ಪೆಟಿಗ್ಯಾಗ ಇಟ್ಕೊಬೌದಲ್ಲ?"

ರಿಬ್ಬನ್ ಕಟ್ಟಿ, ಡಬ್ಬಿಗೆ ಚಪಾತಿ ಸುತ್ತಿಟ್ಟು ಶಾಲೆಗೆ ಕಳಿಸಿದೆ. ಅದು ಸೋಮವಾರದ ಮಾತು. ಶನಿವಾರ ನಡೆದದ್ದು ನಡೆದ ಮೇಲೆ, ಉಮಾಳ ಈ ಚಾಂದ್ ತಾತನ, ಅಂದರೆ ನಮ್ಮ ಫೋಟೋ ಸ್ಟುಡಿಯೋದ ಚಾಂದಪಾಶಾ ಚಾಚಾನ ಬಗ್ಗೆ ನೆಟ್ಟಗೆ ಬರೆದಿಡಬೇಕು ಅನಿಸಿತು.

ಶಹಾಪುರದಲ್ಲಿ ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಇಳಿಯುವ ಓಣಿಯಲ್ಲಿ ಅವರ ಸ್ಟುಡಿಯೋ. ಅಂಗಡಿಯ ಹೊಸ್ತಿಲಲ್ಲಿ ನಿಂತರೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಹಣೆ ಮತ್ತು ಮೂಗು ಕಾಣುತ್ತವೆ, ಉಳಿದದ್ದನ್ನು ಮೊಬೈಲ್ ಟವರ್ ಮರೆಮಾಡಿದೆ. ಒಳಗೆ ಒಂದು ಕುರ್ಚಿ, ನೀಲಿ ಬಣ್ಣದ ಗೋಡೆ, ಎರಡು ಕೊಡೆ ದೀಪ. ಗೋಡೆಯ ಪಕ್ಕದಲ್ಲಿ ಹಸಿರು ಪರದೆ. ಅದರ ಹಿಂದೆ ಇನ್ನೊಂದು ಚಿಕ್ಕ ಕೋಣೆ.

ಈಗ ಬದುಕಿರುವವರ ಫೋಟೋಗೆ ಯಾರೂ ಸ್ಟುಡಿಯೋಕ್ಕೆ ಬರುವುದಿಲ್ಲ. ಬಂದರೆ ಅರ್ಜಿಗೆ ಅಂಟಿಸುವ ಫೋಟೋಕ್ಕೆ ಬರುತ್ತಾರೆ, ಇಲ್ಲವೆ ಮನೆಯಲ್ಲಿ ಯಾರಾದರೂ ತೀರಿದಾಗ ಬರುತ್ತಾರೆ. ಮದುವೆಯ ಗುಂಪು ಫೋಟೋ ತಂದು, ಹಿಂದಿನ ಸಾಲಿನಲ್ಲಿ ಹೆಬ್ಬೆಟ್ಟಿನಷ್ಟು ಕಾಣುವ ಮುಖ ತೋರಿಸಿ, "ಇವರು ರೀ, ದೊಡ್ಡದು ಮಾಡಿ ಕೊಡ್ರಿ" ಅನ್ನುತ್ತಾರೆ. ಚಾಚಾ ಆ ಮುಖವನ್ನು ಗುಂಪಿನಿಂದ ಬಿಡಿಸಿಕೊಳ್ಳುತ್ತಾರೆ. ಬೇರೆ ಸ್ಟುಡಿಯೋದವರು ಸತ್ತವರಿಗೆಲ್ಲ ಒಂದೇ ಕೋಟು ತೊಡಿಸಿ, ಹಿಂದೆ ಮೋಡ ಹಾಕಿ ಕೊಡುತ್ತಾರೆ. ಇವರು ಕೇಳುತ್ತಾರೆ: "ದಿನಾ ಏನು ಹಾಕ್ಕೋತಿದ್ರು? ಬನಿಯನ್ನಾ? ಹಂಗಿದ್ರ ಬನಿಯನ್ನೇ ಇರಲಿ." ಮುಗಿದ ಮೇಲೆ ಮನೆಯವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ, "ಕಣ್ಣು ಅವರವೇ ಹೌದಾ?" ಎಂದು ಒಂದು ಮಾತು ಕೇಳುತ್ತಾರೆ. ಹೌದು ಅಂದರೆ ಮಾತ್ರ ಪ್ರಿಂಟು.

ಆಟೋ ಸ್ಟ್ಯಾಂಡಿನ ರೇವಣಸಿದ್ದ ಅವರನ್ನು ಕಾಡಿಸುತ್ತಾನೆ. "ಜೀವಂತ ಇದ್ದೋರು ಮೊಬೈಲಿನ್ಯಾಗ ತಕ್ಕೋತಾರ, ಸತ್ತೋರು ಚಾಂದಪಾಶಾನ ಹತ್ರ ಬರ್ತಾರ."

"ನೀನೂ ಬರ್ತಿ. ಬರೋ ಮುಂದ ಒಂದು ಚಲೋ ಫೋಟೋ ತಗೊಂಡು ಬಾ, ಈ ಮುಖಕ್ಕ ಭಾಳ ಕೆಲಸ ಹಿಡೀತದ," ಅನ್ನುತ್ತಾರೆ ಚಾಚಾ, ಕತ್ತು ಎತ್ತದೆ.

ಚಾಚಾ ಹುಟ್ಟಿದ್ದು ಸುರಪುರದಲ್ಲಿ. ಅಪ್ಪ ಜಟಕಾ ಹೊಡೆಯುತ್ತಿದ್ದರಂತೆ. ಕುದುರೆ ಸತ್ತ ವರ್ಷ ಮಗನನ್ನು ಒಬ್ಬ ಫೋಟೋಗ್ರಾಫರನ ಹತ್ತಿರ ಬಿಟ್ಟರು. ಕತ್ತಲ ಕೋಣೆಯಲ್ಲಿ ಪ್ರಿಂಟು ತೊಳೆದು ತೊಳೆದು ಉಗುರು ಕಂದು ಬಣ್ಣಕ್ಕೆ ತಿರುಗಿದವು, ಈಗಲೂ ಹಾಗೆಯೇ ಇವೆ. ಸಗರದ ಮಕ್ತುಂಬಿಯನ್ನು ಲಗ್ನವಾಗಿ ಶಹಾಪುರಕ್ಕೆ ಬಂದು ಸ್ವಂತ ಅಂಗಡಿ ಹಾಕಿದರು. ಅವರ ಲಗ್ನದ ಒಂದೂ ಫೋಟೋ ಇಲ್ಲ. ಯಾಕೆಂದು ಕೇಳಿದರೆ, "ಫೋಟೋ ತೆಗಿಯೋನೇ ದೂಲ್ಹಾ ಆಗಿ ಕುಂತಿದ್ದ, ತೆಗಿಯೋರು ಯಾರು?" ಅಂದು ನಗುತ್ತಾರೆ.

ಮೊದಲು ಅಂಗಡಿಯಲ್ಲಿ ಮಕ್ತುಂಬಿಯ ಕೆಲಸ ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲಿನಿಂದ ಮುಖದ ಕಲೆ ತುಂಬುವುದಷ್ಟೆ. ಆಮೇಲೆ ಪಿಂಚಣಿಗೆ, ಪಡಿತರ ಚೀಟಿಗೆ, ಬ್ಯಾಂಕಿಗೆ ಎಲ್ಲದಕ್ಕೂ ಹೆಂಗಸರ ಫೋಟೋ ಬೇಕಾಗತೊಡಗಿತು. ಹಳ್ಳಿಯಿಂದ ಬರುವ ಹೆಣ್ಣುಮಕ್ಕಳಲ್ಲಿ ಅನೇಕರು ಗಂಡಸಿನ ಮುಂದೆ ತಲೆ ಮೇಲಿನ ಸೆರಗು ಸರಿಸಲು ಒಪ್ಪುತ್ತಿರಲಿಲ್ಲ. ಬುರ್ಖಾದವರು ಮಾತ್ರವಲ್ಲ, ಕೂಲಿಯವರು, ಮೀನು ಮಾರುವವರು, ಎಲ್ಲರೂ. ಆಗ ಮಕ್ತುಂಬಿ ಕ್ಯಾಮೆರಾ ಹಿಡಿದರು. ಹಸಿರು ಪರದೆ ಬಂದದ್ದು ಆವಾಗ.

ಪರದೆ ಆಚೆಗೆ ಒಂದು ಕಟ್ಟಳೆ ಇತ್ತು. ಹೆಂಗಸರು ಎಷ್ಟು ಫೋಟೋ ಬೇಕಾದರೂ ತೆಗೆಸಿಕೊಳ್ಳಬಹುದು, ಹೇಗೆ ಬೇಕಾದರೂ ನಿಲ್ಲಬಹುದು. ಅವರು ತೋರಿಸಿದ ಒಂದೇ ಫೋಟೋ ಹೊರಗೆ ಪ್ರಿಂಟಿಗೆ ಬರುತ್ತದೆ. ಉಳಿದವನ್ನು ಯಾವ ಗಂಡಸೂ ನೋಡುವಂತಿಲ್ಲ, ಚಾಂದಪಾಶಾ ಕೂಡ. ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡು ಹಾಗೆಂದು ಆಣೆ ಮಾಡಿಯೇ ಮಕ್ತುಂಬಿ ಫೋಟೋ ತೆಗೆಯುತ್ತಿದ್ದರು. ನನ್ನದೂ ಅಲ್ಲೇ ತೆಗೆಸಿದ್ದು, ಉಮಾ ಹೊಟ್ಟೆಯಲ್ಲಿದ್ದಾಗ.

ಈಚೆ ಚಾಚಾ ಗಿರಾಕಿಗಳಿಗೆ, "ನಗಬ್ಯಾಡ್ರಿ, ನಕ್ಕರ ಅರ್ಜಿ ವಾಪಸ್ ಬರ್ತದ" ಅನ್ನುತ್ತಿದ್ದರೆ ಪರದೆ ಆಚೆಯಿಂದ ಹೆಂಗಸರ ನಗು ಕೇಳುತ್ತಿತ್ತು. ಏನು ಹೇಳಿ ನಗಿಸುತ್ತೀ ಎಂದು ಊಟಕ್ಕೆ ಕೂತಾಗ ಚಾಚಾ ಕೇಳಿದರೆ, "ಅದು ಪರದೆ ಆಚೆ ಮಾತು, ನಿಮಗ್ಯಾಕ?" ಅನ್ನುತ್ತಿದ್ದರಂತೆ. ಅಷ್ಟು ನಗಿಸುವವರು ತಾವು ನಗುವಾಗ ಮಾತ್ರ ಸೆರಗು ಬಾಯಿಗೆ ಹಿಡಿಯುತ್ತಿದ್ದರು. ಮುಂದಿನ ಹಲ್ಲೊಂದು ಅಡ್ಡ ಬೆಳೆದಿತ್ತು. ನಾನು ಎಂಟು ವರ್ಷ ನೋಡಿದ್ದೇನೆ, ಸೆರಗಿಲ್ಲದ ನಗು ನೋಡಿಲ್ಲ.

ಅಂಗಡಿಗೆ ಕಂಪ್ಯೂಟರ್ ಬಂದ ಮೇಲೂ ಕಟ್ಟಳೆ ಬದಲಾಗಲಿಲ್ಲ. ಗಿರಾಕಿಗಳು ತರುವ ಪೆನ್‌ಡ್ರೈವಿನಿಂದ ವೈರಸ್ ಹತ್ತಿ ಒಂದು ಮದುವೆ ಹಂಗಾಮಿನ ಫೋಟೋಗಳೆಲ್ಲ ಹಾಳಾದಾಗ, ಪರಿಚಯದ ಲೆಕ್ಚರರ್ ಒಬ್ಬರು ವಿಂಡೋಸ್ ತೆಗೆದು, ವೈರಸ್ ಅಷ್ಟು ಸುಲಭಕ್ಕೆ ಹತ್ತದ ಲಿನಕ್ಸ್ ಹಾಕಿಕೊಟ್ಟರು. ಆಗ ಮಕ್ತುಂಬಿ ಹಟ ಹಿಡಿದು ತಮ್ಮ ಹೆಸರಿನಲ್ಲಿ ಬೇರೆ ಖಾತೆ, ಬೇರೆ ಪಾಸ್‌ವರ್ಡ್ ಮಾಡಿಸಿಕೊಂಡರು. ಫೋಟೋಗಳೆಲ್ಲ ಒಂದು ದೊಡ್ಡ ಡಿಸ್ಕಿನಲ್ಲಿ. ಅದರಲ್ಲಿ ಎರಡು ಫೋಲ್ಡರ್. ಒಂದು ಚಾಚಾನದು. ಇನ್ನೊಂದು ಅವರದು, ಅವರಿಗೆ ಮಾತ್ರ ತೆರೆಯುವಂಥದು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಮಕ್ತುಂಬಿ ತೀರಿಕೊಂಡರು. ಕಿಡ್ನಿ ಕೆಟ್ಟು ಕಲಬುರಗಿಗೂ ಯಾದಗಿರಿಗೂ ಓಡಾಡಿ ಸಾಕಾಗಿತ್ತು. ಅದಾದ ಮೇಲೆ ಚಾಚಾ ಪರದೆಯನ್ನು ಒಗೆದು, ಇಸ್ತ್ರಿ ಮಾಡಿಸಿ, ಮತ್ತೆ ಅಲ್ಲೇ ಕಟ್ಟಿದರು. ಆ ಕಡೆ ಯಾರೂ ಹೋಗಿಲ್ಲ.

ಈ ಮೇ ತಿಂಗಳ ಗಾಳಿಮಳೆಯಲ್ಲಿ ಕರೆಂಟು ಹೆಚ್ಚಾಗಿ ಹರಿದು ಕಂಪ್ಯೂಟರ್ ಸುಟ್ಟಿತು. ಯಂತ್ರವೂ ಹೋಯಿತು, ಅದರೊಳಗೆ ಲಿನಕ್ಸ್ ಇದ್ದ ಸಣ್ಣ ಡಿಸ್ಕೂ ಹೋಯಿತು. ಫೋಟೋಗಳ ದೊಡ್ಡ ಡಿಸ್ಕು ಉಳಿಯಿತು. ರಿಪೇರಿಯವನೊಬ್ಬ ಬೇರೆ ಯಂತ್ರ ತಂದು, ಹೊಸದಾಗಿ ಲಿನಕ್ಸ್ ಹಾಕಿ, ಹಳೆಯ ಡಿಸ್ಕನ್ನು ಜೋಡಿಸಿ ಹೋದ. ಚಾಚಾನ ಫೋಲ್ಡರ್ ಮೊದಲಿನಂತೆ ತೆರೆಯಿತು. ಮಕ್ತುಂಬಿಯ ಫೋಲ್ಡರಿನ ಮೇಲೆ ಬೀಗದ ಗುರುತು ಕೂತಿತ್ತು. ಚಾಚಾ ಅದನ್ನು ಮುಟ್ಟಲಿಲ್ಲ. ಮುಚ್ಚಿದ್ದು ಮುಚ್ಚಿದಂತೆ ಇರಲಿ ಎಂದು ಬಿಟ್ಟರು.

ಹೋದ ಗುರುವಾರ ಸಗರದಿಂದ ಬುದ್ಧಪ್ರಿಯ ಎಂಬ ಹುಡುಗ ಬಂದ. ಕಡೇಚೂರಿನ ಫ್ಯಾಕ್ಟರಿಯಲ್ಲಿ ಕೆಲಸ, ಸೈದಾಪುರದಲ್ಲಿ ಬಾಡಿಗೆ ಮನೆ. ಅವನ ತಾಯಿ ಬಸ್ಸಮ್ಮ, ಹೊಲದ ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಸಾಕಿದವಳು, ಅದೇ ವಾರ ತೀರಿಕೊಂಡಿದ್ದಳು. ಅವರು ಬೌದ್ಧರು, ಭಾನುವಾರ ಪುಣ್ಯಾನುಮೋದನೆ. ಬುದ್ಧನ, ಬಾಬಾಸಾಹೇಬರ ಫೋಟೋಗಳ ಪಕ್ಕದಲ್ಲಿ ತೀರಿದವರದೂ ಇಟ್ಟು, ಮೇಣದ ಬತ್ತಿ ಹಚ್ಚಿ, ವಂದನೆ ಹೇಳುತ್ತಾರೆ. ಇಡಲು ಫೋಟೋ ಇಲ್ಲ. ಯಾರಾದರೂ ಮೊಬೈಲ್ ಎತ್ತಿದರೆ ಬಸ್ಸಮ್ಮ ಸೆರಗು ಎಳೆದು ಮುಖ ಮುಚ್ಚುತ್ತಿದ್ದಳು. ಆಧಾರ ಕಾರ್ಡಿನಲ್ಲಿ ಇರುವುದನ್ನು ನೋಡಿದರೆ ಹೆತ್ತ ಮಗನಿಗೇ ಗುರುತು ಹತ್ತುವುದಿಲ್ಲ.

"ಅವ್ವ ವಿಧವಾ ಪಿಂಚಣಿ ಫೋಟೋಕ್ಕ ನಿಮ್ಮಲ್ಲೇ ಬಂದಿದ್ದಳು ಚಾಚಾ. ಆಯಿ ತೆಗೆದಿದ್ದರು," ಎಂದನಂತೆ.

ಹಾಗಾದರೆ ಅದು ಬೀಗದ ಫೋಲ್ಡರಿನಲ್ಲಿದೆ.

ಮುಂದಿನದನ್ನು ಚಾಚಾನೇ ನನಗೆ ಹೇಳಿದ್ದು, ಶನಿವಾರ ಬೆಳಿಗ್ಗೆ, ನಮ್ಮ ಕಟ್ಟೆಯ ಮೇಲೆ ಕೂತು. ಅಂದು ನಮ್ಮ ಯಜಮಾನರು ಡ್ಯೂಟಿಗೆ ಸುರಪುರಕ್ಕೆ ಹೋಗಿದ್ದರು. ನಾನು ಕಲಿಸುವ ಕಂಪ್ಯೂಟರ್ ಸೆಂಟರಿನಲ್ಲಿ ನನಗೆ ಮಧ್ಯಾಹ್ನದ ಪಾಳಿ. ಚಹ ಕೊಟ್ಟೆ. ಅವರು ಬಸಿಗೆ ಹಾಕಿಕೊಂಡರು, ಕುಡಿಯಲಿಲ್ಲ.

"ರಿಪೇರಿಯವನಿಗಿ ಫೋನ್ ಮಾಡಿದೆ ಬೇಟಾ. ಮ್ಯಾಲಿಂದ ತಳತನಕ ಎಲ್ಲಾದಕ್ಕೂ ಏಳು-ಏಳು-ಏಳು ಅನುಮತಿ ಕೊಟ್ಟುಬಿಡ್ರಿ, ಎಲ್ಲಾರಿಗೂ ತೆರಕೋತದ ಅಂದ. ಎಲ್ಲಾರಿಗೂ ಅಂದ್ರ? ಅಂದೆ. ಎಲ್ಲಾರಿಗೂ ಅಂದ್ರ ಎಲ್ಲಾರಿಗೂ ಅಂದ. ಫೋನ್ ಇಟ್ಟೆ."

"ಚಲೋ ಮಾಡಿದ್ರಿ."

"ಏನು ಚಲೋ? ಆಮ್ಯಾಲ ನಾನೇ ಕೈ ಹಾಕಿದೆ." ಬಸಿಯನ್ನು ಕೆಳಗಿಟ್ಟರು. "ಒಳಗಿನದು ಬ್ಯಾಡ, ಬರೇ ಹೊರಗಿನ ಬಾಗಿಲ ತೆರದ್ರ ಸಾಕೇನೋ ಅಂತ ನೋಡಿದೆ. ಈಗ ನಂದೂ ತೆರೀವಲ್ದು, ಆಕಿದೂ ತೆರೀವಲ್ದು. ಎರಡಕ್ಕೂ ಬೀಗ ಬಿದ್ದದ. ನಾಳಿಗಿ ಆ ಹುಡುಗನಿಗಿ ಏನು ಕೊಡ್ಲಿ?"

ಅಡಿಗೆ ಮುಚ್ಚಿಟ್ಟು, ಉಮಾಳ ಕೈ ಹಿಡಿದು ಹೊರಟೆ. ಮೊದಲ ಶನಿವಾರ, ಅವಳ ಶಾಲೆಗೆ ರಜೆ.

ಅಂಗಡಿಯಲ್ಲಿ ಕೂತು ಅವರು ಏನು ಮಾಡಿದ್ದಾರೆಂದು ಒಂದೊಂದೇ ಕೇಳಿದೆ. ಲಿನಕ್ಸ್‌ನಲ್ಲಿ ಎರಡನೆಯ ಡಿಸ್ಕನ್ನು ಒಂದು ಖಾಲಿ ಫೋಲ್ಡರಿನ ಮೇಲೆ ಕೂರಿಸಬೇಕು. ಮೌಂಟ್ ಮಾಡುವುದು ಅನ್ನುತ್ತೇವೆ. ಕೂರಿಸಿದ ಮೇಲೆ ಆ ಫೋಲ್ಡರೇ ಡಿಸ್ಕಿನ ಬಾಗಿಲಾಗುತ್ತದೆ. ಚಾಚಾ ಭಯದಿಂದ ಮೊದಲು ಡಿಸ್ಕನ್ನು ಇಳಿಸಿ, ಖಾಲಿ ಫೋಲ್ಡರಿಗೆ ಅನುಮತಿ ಬರೆದು, ಮತ್ತೆ ಡಿಸ್ಕು ಕೂರಿಸಿದ್ದಾರೆ. ಏನೂ ಬದಲಾಗಿಲ್ಲ. ಮತ್ತೆ ಇಳಿಸಿ, ಮತ್ತೆ ಬರೆದು, ಮತ್ತೆ ಕೂರಿಸಿದ್ದಾರೆ.

"ಚಾಚಾ, ಖಾಲಿ ಫೋಲ್ಡರಿಗಿ ನೀವು ಏನು ಬರೆದ್ರೂ ಡಿಸ್ಕು ಕುಂತ ಮ್ಯಾಲ ಅದು ಕೆಳಗ ಮುಚ್ಚಿಹೋಗ್ತದ. ಕಾಣೋದು ಡಿಸ್ಕಿನ ಸ್ವಂತ ಅನುಮತಿ."

ಸ್ವಲ್ಪ ಯೋಚಿಸಿದರು. "ಅಂದ್ರ ಚೌಕಟ್ಟಿಗಿ ಬಣ್ಣ ಹಚ್ಚಿ ಒಳಗಿನ ಫೋಟೋ ಬಣ್ಣ ಆಗಲಿ ಅಂದಂಗ."

"ಹಂಗೇ."

"ಅದಕ್ಕೇ ಕಡೀಕ ಡಿಸ್ಕು ಕುಂತಾಗಲೇ ಬರದೆ. ಆರು-ಆರು-ಆರು."

"ಆರು ಯಾಕ?"

"ನಾಲ್ಕು ಓದಾಕ, ಎರಡು ಬರಿಯಾಕ, ಒಂದು ಓಡಸಾಕ ಅಂತ ಲೆಕ್ಚರರ್ ಸಾಹೇಬ್ರು ಹೇಳಿದ್ರು. ಫೋಟೋ ಏನು ಓಡ್ತದೇನು ಬೇಟಾ? ಆ ಒಂದು ತಗದು ಹಾಕಿದೆ."

ನನಗೆ ನಗು ಬಂತು, ಅವರಿಗೂ ಬಂತು. ಫೋಟೋಗೆ ಆ ಒಂದು ಬೇಡ ನಿಜ. ಫೋಲ್ಡರಿನ ವಿಷಯ ಬೇರೆ. ಫೋಲ್ಡರಿಗೆ ಆ ಒಂದು ಅಂದರೆ ಹೊಸ್ತಿಲು ದಾಟುವ ಹಕ್ಕು. ಓದುವ ಹಕ್ಕಿದ್ದು ದಾಟುವ ಹಕ್ಕಿಲ್ಲದಿದ್ದರೆ ಕಿಟಕಿಯಿಂದ ಒಳಗಿನವರ ಹೆಸರು ಕರೆಯಬಹುದು, ಒಳಗೆ ಹೋಗಲಾಗದು. ಹೊರಬಾಗಿಲಲ್ಲೇ ಹೊಸ್ತಿಲು ಮುಚ್ಚಿದ್ದರಿಂದ ಒಳಗಿನ ಎರಡು ಕೋಣೆಗೂ ದಾರಿ ಇರಲಿಲ್ಲ. ಚಾಚಾ ತಮ್ಮ ಪಾಸ್‌ವರ್ಡ್ ಒತ್ತಿದರು. ಡಿಸ್ಕಿನ ಹೊರಬಾಗಿಲಿಗೆ ಮಾತ್ರ, ಎಲ್ಲರೂ ದಾಟಬಹುದು, ಬರೆಯುವುದು ಮಾತ್ರ ಯಜಮಾನನಿಗೆ ಎಂದು ಬರೆದೆ. ಒಳಗಿನ ಫೋಲ್ಡರುಗಳನ್ನೂ ಬದಲಿಸುವ ಅಕ್ಷರವನ್ನು ಆ ಆಜ್ಞೆಗೆ ಸೇರಿಸಲಿಲ್ಲ. ಚಾಚಾನ ಫೋಲ್ಡರ್ ತೆರೆಯಿತು. ಮದುವೆಗಳು, ಮಕ್ಕಳ ಕೂದಲು ತೆಗೆಸುವ ಜಾವಳಗಳು, ಬನಿಯನ್ನಿನ ಮುದುಕರು, ಎಲ್ಲ ಇದ್ದಲ್ಲೇ ಇದ್ದರು.

ಮಕ್ತುಂಬಿಯ ಫೋಲ್ಡರಿನ ಬೀಗ ಹಾಗೇ ಇತ್ತು.

ಅದರ ವಿವರ ತೆಗೆದು ನೋಡಿದೆ. ಚಾಚಾನ ಫೋಲ್ಡರಿನ ಸಾಲಿನಲ್ಲಿ ಮಾಲೀಕರ ಜಾಗಕ್ಕೆ ಅವರ ಹೆಸರಿತ್ತು. ಕೆಳಗೆ ಮಕ್ತುಂಬಿಯ ಫೋಲ್ಡರಿನ ಸಾಲಿನಲ್ಲಿ ಹೆಸರಿನ ಬದಲು ಒಂದು ಅಂಕಿ. ಸಾವಿರದ ಒಂದು.

"ಇದೇನು?" ಎಂದರು ಚಾಚಾ.

"ಆಯಿ."

ಅವರು ಕನ್ನಡಕ ಹಾಕಿಕೊಂಡು ಬಗ್ಗಿದರು. ನಾನು ಬಿಡಿಸಿ ಹೇಳಿದೆ. ಡಿಸ್ಕು ಮನುಷ್ಯರ ಹೆಸರು ಬರೆದಿಟ್ಟುಕೊಳ್ಳುವುದಿಲ್ಲ, ಅಂಕಿ ಬರೆದಿಟ್ಟುಕೊಳ್ಳುತ್ತದೆ. ಯಾವ ಅಂಕಿ ಯಾರದು ಅನ್ನುವುದು ಯಂತ್ರಕ್ಕೆ ಗೊತ್ತಿರಬೇಕು. ಹಳೆಯ ಯಂತ್ರದಲ್ಲಿ ಮೊದಲು ಬಂದವರು ಚಾಚಾ, ಅವರಿಗೆ ಸಾವಿರ. ಆಮೇಲೆ ಮಕ್ತುಂಬಿ, ಅವರಿಗೆ ಸಾವಿರದ ಒಂದು. ಹೊಸ ಯಂತ್ರದಲ್ಲೂ ಚಾಚಾನೇ ಮೊದಲಿಗರಾದ್ದರಿಂದ ಅದೇ ಸಾವಿರ ಸಿಕ್ಕಿತು, ಅವರ ಫೋಲ್ಡರ್ ಅವರನ್ನು ಗುರುತಿಸಿತು. ಸಾವಿರದ ಒಂದು ಯಾರೆಂದು ಈ ಯಂತ್ರಕ್ಕೆ ಗೊತ್ತಿಲ್ಲ. ಅವರು ಇದರಲ್ಲಿ ಇದ್ದವರೇ ಅಲ್ಲ.

"ಹಂಗಾದ್ರ ನನ್ನ ಹೆಸರಿಗಿ ಬರಕೋಬೇಕೇನು?" ಎಂದರು. ಕೇಳುವಾಗ ನನ್ನ ಮುಖ ನೋಡಲಿಲ್ಲ.

"ಬರಕೋಬಹುದು. ಬ್ಯಾಡ ಅನಸ್ತದ ನನಗ. ಇದರಾಗ ಆಯಿಗಿ ಹೊಸದಾಗಿ ಜಾಗ ಮಾಡಿ, ಅದೇ ಅಂಕಿ ಕೊಟ್ಟರ ಸಾಕು. ಫೋಲ್ಡರಿನ್ಯಾಗ ಒಂದು ಅಕ್ಷರನೂ ಬದಲಿ ಮಾಡೋದು ಬ್ಯಾಡ."

"ಹಂಗ ಆಗ್ತದ?"

"ಆಗ್ತದ."

ಮಕ್ತುಂಬಿ ಎಂಬ ಹೆಸರಿನಲ್ಲಿ, ಸಾವಿರದ ಒಂದು ಎಂದು ಅಂಕಿ ಸೇರಿಸಿ ಹೊಸ ಖಾತೆ ಮಾಡಿದೆ. ಮತ್ತೆ ವಿವರ ತೆಗೆದೆ. ಅಂಕಿ ಇದ್ದ ಜಾಗದಲ್ಲಿ ಈಗ ಮಕ್ತುಂಬಿ ಎಂದು ಬಂದಿತ್ತು.

ಚಾಚಾ ಕನ್ನಡಕ ಒರೆಸಿಕೊಂಡು ಆ ಸಾಲನ್ನು ಓದಿದರು.

"ಡಿಸ್ಕಿಗಿ ನೆನಪಿತ್ತು ಹೌದಾ?"

"ನೆನಪಿತ್ತು ಚಾಚಾ. ಹೆಸರು ಮಾತ್ರ ಗೊತ್ತಿರಲಿಲ್ಲ."

ಅವರು ಎದ್ದರು. "ಇನ್ನ ನಾ ಇಲ್ಲಿ ಇರೋದು ಬ್ಯಾಡ," ಎಂದು ಕಂಪ್ಯೂಟರ್ ಇದ್ದ ಮೇಜನ್ನೇ ತಳ್ಳಿಕೊಂಡು ಪರದೆ ತನಕ ತಂದರು. ನಾನು ಆ ಕಡೆಯಿಂದ ಎಳೆದುಕೊಂಡೆ. ಅವರು ಹೊಸ್ತಿಲ ಆಚೆ ಕಾಲಿಡಲಿಲ್ಲ. ಎರಡು ವರ್ಷದ ಧೂಳಿನ ವಾಸನೆ, ಸೀತಾಫಲದ ಬಣ್ಣದ ಗೋಡೆ, ಮೊಳೆಗೆ ನೇತುಬಿಟ್ಟ ಒಂದು ಬಾಚಣಿಗೆ, ಕೈಗನ್ನಡಿ. ಹಳ್ಳಿಯಿಂದ ಬಿಸಿಲಲ್ಲಿ ಬಂದವರು ತಲೆ ಸರಿಮಾಡಿಕೊಳ್ಳಲೆಂದು ಮಕ್ತುಂಬಿ ಇಟ್ಟಿದ್ದವು.

ಅಷ್ಟರಲ್ಲಿ ಬಸ್ಸಮ್ಮನ ಮಗಳು ಪರಿಮಳಾ ಬಂದಳು. ಕಕ್ಕೇರಾಕ್ಕೆ ಕೊಟ್ಟಿದ್ದಾರೆ. ತಾಯಿ ತೀರಿದಾಗಿನಿಂದ ಸಗರದಲ್ಲೇ ಇದ್ದಾಳೆ. ತಂಗಿಯನ್ನೇ ಕಳಿಸು ಎಂದು ಚಾಚಾ ಬುದ್ಧಪ್ರಿಯನಿಗೆ ಹೇಳಿದ್ದರಂತೆ. ಅವನು ಓಣಿಯ ತುದಿಯಲ್ಲಿ ಬೈಕಿನ ಮೇಲೆಯೇ ಉಳಿದ. ಪರಿಮಳಾ ಪರದೆ ಸರಿಸಿ ಬಂದು ನನ್ನ ಪಕ್ಕ ನಿಂತಳು.

"ಅಣ್ಣ ಬಂದ್ರ ಆಗಂಗಿಲ್ಲೇನು ಅಕ್ಕಾರ? ಬರೇ ಒಂದು ಫೋಟೋ."

"ನಿಮ್ಮವ್ವ ತೆಗಿಸ್ಕೊಳ್ಳೋ ಮುಂದ ಹಂಗ ಮಾತಾಗಿತ್ತವ್ವ," ಎಂದೆ.

ಹೊಸ ಪಾಸ್‌ವರ್ಡ್ ಇಟ್ಟು, ಮಕ್ತುಂಬಿಯ ಹೆಸರಿನಲ್ಲಿ ಒಳಗೆ ಹೋಗಿ ಫೋಲ್ಡರ್ ಮೇಲೆ ಒತ್ತಿದೆ. ತೆರೆಯಿತು. ಚಿತ್ರಗಳು ಕಾಣದಂತೆ ಬರೀ ಹೆಸರು ಬರುವ ಹಾಗೆ ಮಾಡಿಕೊಂಡೆ. ಮಕ್ತುಂಬಿ ಸಗರದ ಕನ್ನಡ ಶಾಲೆಯಲ್ಲಿ ಓದಿದವರು, ಎಲ್ಲದಕ್ಕೂ ಊರು ಮೊದಲು, ಹೆಸರು ಆಮೇಲೆ ಎಂದು ಕನ್ನಡದಲ್ಲೇ ಬರೆದಿದ್ದರು. ಕಕ್ಕೇರಾ, ಮಲ್ಲಿಕಮ್ಮ. ಶಹಾಪುರ, ಅಖ್ತರಬೇಗಂ. ಅವನ್ನು ದಾಟಿ ಸಗರಕ್ಕೆ ಬಂದೆ. ಬಸ್ಸಮ್ಮನ ಹೆಸರಿನಲ್ಲಿ ಎರಡಿದ್ದವು.

ಮೊದಲನೆಯದು ಪಿಂಚಣಿಗೆ ಹೋದದ್ದು. ತಲೆ ತುಂಬ ಸೆರಗು, ಬೋಳು ಹಣೆ. ನೇರ ಕ್ಯಾಮೆರಾ ನೋಡುತ್ತಿದ್ದಾಳೆ. ಪರಿಮಳಾ ಬಾಯಿಗೆ ಕೈ ಇಟ್ಟುಕೊಂಡಳು.

ಎರಡನೆಯದರಲ್ಲಿ ಅದೇ ಬಸ್ಸಮ್ಮ, ಸೆರಗು ಹೆಗಲಿಗೆ ಇಳಿದಿದೆ. ತಲೆ ಬಾಚಿ ಕಟ್ಟಿದ್ದಾಳೆ. ಕಿವಿಯ ಹಿಂದೆ ದೊಡ್ಡ ಮಲ್ಲಿಗೆ ದಂಡೆ. ಎರಡೂ ಕೈ ತುಂಬ ಹಸಿರು ಬಳೆ, ಬಳೆ ಕಾಣಲಿ ಎಂದು ಕೈಗಳನ್ನು ಎದೆಯ ಹತ್ತಿರ ಎತ್ತಿ ಹಿಡಿದಿದ್ದಾಳೆ. ನಗುತ್ತಿದ್ದಾಳೆ.

ಆ ಬಳೆ ನನಗೆ ಗೊತ್ತು. ಮಕ್ತುಂಬಿಯವು.

ಪರಿಮಳಾ ಮಂಚದಂತಿದ್ದ ಬೆಂಚಿನ ಮೇಲೆ ಕುಳಿತಳು. ಅವಳಪ್ಪ ಹೋದಾಗ ಅವಳಿನ್ನೂ ತೊಟ್ಟಿಲಲ್ಲಿದ್ದಳಂತೆ. ತಾಯಿಯ ತಲೆಯಲ್ಲಿ ಹೂವು ಕಂಡದ್ದೇ ಇಲ್ಲ. "ನಮ್ಮಾಗ ಈಗ ಹಂಗೇನಿಲ್ಲ ಅಕ್ಕಾರ, ಮುಡ್ಕೋ ಅಂತ ಅಣ್ಣ ಎಷ್ಟು ಸಲ ಅಂದಾನ. ಓಣ್ಯಾಗ ಮಂದಿ ನೋಡ್ತಾರ ಅಂತಿದ್ದಳು." ಮೂಗು ಒರೆಸಿಕೊಂಡಳು. "ಇಲ್ಲಿ ಬಂದು ಮುಡ್ಕೊಂಡಾಳ."

ಹೊರಗೆ ಕಟ್ಟೆಯ ಮೇಲೆ ಉಮಾ ಚಾಚಾನ ಜೊತೆ ಏನೋ ಮಾತಾಡುತ್ತಿದ್ದಳು. ಯಾವುದು ಬೇಕೆಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು.

"ಸೆರಗಿಂದು ಕೊಡ್ರಿ. ನಾಳಿಗಿ ಹೆಂಗೂ ಎಲ್ಲಾರೂ ಹೂ ಹಾಕ್ತಾರ. ಆಕಿನೇ ಮುಡ್ಕೊಂಡದ್ದು ಇಲ್ಲೇ ಇರಲಿ, ಆಕಿ ಇಲ್ಲೇ ಇಟ್ಟಾಳಲ್ಲ. ನನಗ ನೋಡಬೇಕು ಅನಿಸಿದಾಗ ಬರ್ತೀನಿ."

ಸೆರಗಿನದನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಫೋಲ್ಡರ್ ಮುಚ್ಚುವ ಮುಂಚೆ ಕೈ ತಾಗಿ ಪಟ್ಟಿ ಮೇಲಕ್ಕೆ ಜಾರಿತು. ಊರುಗಳ ನಡುವೆ ಊರಿಲ್ಲದ, ಹೆಸರಿಲ್ಲದ ಒಂದಿತ್ತು. 'ನಾನು' ಎಂದಷ್ಟೇ ಬರೆದಿತ್ತು. ಅದನ್ನು ಒತ್ತಲಿಲ್ಲ. ಹೊರಗೆ ಬಂದು ಲಾಗೌಟ್ ಮಾಡಿದೆ.

ಚಾಚಾ ಮೇಜನ್ನು ಈಚೆಗೆ ಎಳೆದುಕೊಂಡು ಕೆಲಸಕ್ಕೆ ಕೂತರು. ಬೆಳಕು ತುಸು ಏರಿಸಿದರು, ಬೇರೆ ಏನೂ ಮುಟ್ಟಲಿಲ್ಲ. ಬುದ್ಧಪ್ರಿಯನನ್ನು ಕರೆಸಿ, ಅಣ್ಣ ತಂಗಿ ಇಬ್ಬರನ್ನೂ ಎದುರಿಗೆ ಕೂರಿಸಿ, ಎಂದಿನಂತೆ ಕೇಳಿದರು. "ಕಣ್ಣು ಅವರವೇ ಹೌದಾ?"

ಬುದ್ಧಪ್ರಿಯ ಫೋಟೋಗೆ ಕೈ ಮುಗಿದ. "ಹೌದ್ರಿ ಚಾಚಾ," ಎಂದಳು ಪರಿಮಳಾ.

ಚೌಕಟ್ಟು ಹಾಕಿಸಿ, ಹಳೆಯ ಪೇಪರಿನಲ್ಲಿ ಸುತ್ತಿ, ತಂಗಿಯ ತೊಡೆಯ ಮೇಲೆ ಇಟ್ಟುಕೊಂಡು ಬೈಕಿನಲ್ಲಿ ಹೋದರು. ಭಾನುವಾರ ಕಾರ್ಯಕ್ರಮಕ್ಕೆ ಬರಬೇಕೆಂದು ಹೇಳಿ ಹೋಗಿದ್ದರು. ನನಗೆ ಹೋಗಲಾಗಲಿಲ್ಲ, ಚಾಚಾ ಹೋಗಿಬಂದರು.

ಶನಿವಾರ ಅಣ್ಣ ತಂಗಿ ಹೊರಟ ಮೇಲೆ ನಾನು ಪೆನ್‌ಡ್ರೈವಿನಲ್ಲಿದ್ದುದನ್ನು ಅಳಿಸಿ, ಪಾಸ್‌ವರ್ಡ್ ಬರೆದುಕೊಡಲು ಚೀಟಿ ಹುಡುಕಿದೆ. ಚಾಚಾ ಕೈ ಅಡ್ಡ ಹಿಡಿದರು.

"ನನಗ ಬ್ಯಾಡ ಬೇಟಾ. ನಿನ್ನ ಹತ್ರ ಇರಲಿ. ಯಾರಾರ ಹೆಣ್ಮಕ್ಕಳು ಕೇಳ್ಕೋತ ಬಂದ್ರ ನೀನೇ ಬಂದು ತಗದು ಕೊಡು."

"ಬರ್ತೀನಿ. ಆದ್ರ ಒಂದು ಮಾತು ಚಾಚಾ. ಯಂತ್ರದ ಯಜಮಾನರು ನೀವು. ನಿಮ್ಮ ಪಾಸ್‌ವರ್ಡಿನ ಮ್ಯಾಲ ಯಾವಾಗ ಬೇಕಾದ್ರೂ ಅದನ್ನ ತೆರಿಬಹುದು. ನಾ ಮುಚ್ಚಿಡೋದು ಸರಿಯಲ್ಲ, ಅದಕ್ಕ ಹೇಳ್ತೀನಿ."

"ಗೊತ್ತದ," ಎಂದರು. "ಹಳೆ ಮಶೀನಿನ್ಯಾಗೂ ತೆರಿಯಾಕ ಬರ್ತಿತ್ತು. ಆಕಿಗೂ ಗೊತ್ತಿತ್ತು."

ಅಷ್ಟೆ. ಬ್ರಷ್ಷಿನಿಂದ ಕೀಬೋರ್ಡಿನ ಧೂಳು ತೆಗೆಯುತ್ತ ಕೂತರು.

ಉಮಾ ಇಷ್ಟು ದಿನ ಹಿಡಿದಿಟ್ಟುಕೊಂಡದ್ದನ್ನು ಆಗ ಕೇಳಿಯೇಬಿಟ್ಟಳು. "ತಾತಾ, ಎಲ್ಲಾರ್ದೂ ಮಾಡ್ತಿ, ಆಯಿದು ಯಾಕ ಮಾಡಿಲ್ಲ?"

ನಾನು ಅವಳ ತೋಳು ಜಗ್ಗಿದೆ. ಚಾಚಾ ಬೇಸರ ಮಾಡಿಕೊಳ್ಳಲಿಲ್ಲ.

"ಆಕಿ ನನ್ನ ಮುಂದ ಒಂದು ಸಲನೂ ನಿಂತಿಲ್ಲವ್ವ. ಯಾವಾಗ ನೋಡಿದ್ರೂ ಕ್ಯಾಮೆರಾ ಹಿಂದ. ಇಲ್ಲದ ಫೋಟೋ ಹ್ಯಾಂಗ ಮಾಡ್ಲಿ?"

ಹೇಳಬೇಕೋ ಬೇಡವೋ ಎಂದು ನನಗೆ ತಿಳಿಯಲಿಲ್ಲ. ಒಳಗೆ ಕಂಡದ್ದನ್ನು ಹೊರಗೆ ತರಬಾರದು ಅನ್ನುವುದೂ ಕಟ್ಟಳೆಯೇ. ಆದರೆ ಹೆಸರು ಓದಿದ್ದೇನೆ, ಫೋಟೋ ನೋಡಿಲ್ಲ. ಇಲ್ಲ ಎಂದು ನಂಬಿಕೊಂಡು ಕೂತವರ ಮುಂದೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುವುದು ನನ್ನಿಂದಾಗಲಿಲ್ಲ.

"ಒಂದು ಅದ ಚಾಚಾ. 'ನಾನು' ಅಂತ ಬರದಾರ. ನಾ ತೆರದಿಲ್ಲ."

ಬ್ರಷ್ ನಿಂತಿತು. ಓಣಿಯಲ್ಲಿ ರೇವಣಸಿದ್ದನ ಆಟೋ ಹಾರ್ನ್ ಹೊಡೆಯುತ್ತ ಇಳಿದುಹೋಯಿತು. ಚಾಚಾ ಪರದೆಯ ಕಡೆ ನೋಡಿದರು, ಕಂಪ್ಯೂಟರಿನ ಕಡೆ ಅಲ್ಲ. ತೋರಿಸು ಅನ್ನುತ್ತಾರೆ ಎಂದುಕೊಂಡು ನಾನು ಕುರ್ಚಿಯನ್ನು ಎಳೆದುಕೊಂಡಿದ್ದೆ.

"ನನಗ ತೋರಸಬ್ಯಾಡ," ಎಂದರು. "ತೋರಸಬೇಕು ಅನಿಸಿದ್ರ ಆಕಿನೇ ತೋರಸ್ತಿದ್ದಳು."

ಎದ್ದು ಮೇಜಿನ ಅಂಚು ಹಿಡಿದರು, ಪರದೆಯತ್ತ ತಳ್ಳಲು.

"ನೀ ಒಳಗ ಹೋಗಿ ನೋಡು ಬೇಟಾ. ಸೆರಗ ಬಾಯಿಗಿ ಹಿಡಕೊಂಡಾಳೋ, ಹಿಡೀದೇ ನಕ್ಕಾಳೋ, ಅಷ್ಟ ಬಂದು ನನಗ ಹೇಳು."